ಚೆಲುವಮ್ಮನ ಪದಕ್ಕೆ ಸೊಲ್ಲು

ಬೇರಿಕೆ ಊರಿನ ಚೆಲುವಮ್ಮನಿಗೆ ಆ ತಿಂಗಳು ಮೂರು ಕಡೆಯಿಂದ ಕರೆ ಬಂದಿತ್ತು. ಹೊಸೂರಿನ ಅಪಾರ್ಟ್‌ಮೆಂಟೊಂದರ ಕೆಳಗಿನ ಹಾಲ್‌ನಲ್ಲಿ ಸೀಮಂತ, ಗುಮ್ಮಳಾಪುರದಲ್ಲಿ ನಾಮಕರಣ, ಸಾನಮಾವಿನ ಕಡೆ ಒಂದು ಮದುವೆಮನೆಯ ಅರಿಶಿನ. ಮೂರಕ್ಕೂ ಸೋಬಾನೆ ಪದ ಹೇಳಬೇಕು. ಬೆಳಿಗ್ಗೆ ಗುಲಾಬಿ ತೋಟದಲ್ಲಿ ಹೂ ಕೊಯ್ದು, ಮಧ್ಯಾಹ್ನ ಇದ್ದೊಂದು ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತುವ ಈ ಹೆಂಗಸಿಗೆ ಎಷ್ಟು ಪದ ಬರುತ್ತವೆಂದು ಯಾರಿಗೂ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ.

ಈ ಸಲ ಮಾತ್ರ ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಸೋಬಾನೆ ಒಬ್ಬರ ಹಾಡಲ್ಲ. ಒಬ್ಬಳು ಪದ ಎತ್ತಬೇಕು, ಇನ್ನೊಬ್ಬಳು ಅದರ ಕೊನೆ ಹಿಡಿದು ಸೊಲ್ಲು ಕೊಡಬೇಕು. ಆ ಹೊತ್ತಿನಲ್ಲೇ ಮೊದಲಿನವಳು ಉಸಿರು ತೆಗೆದುಕೊಳ್ಳುವುದು. ಮೂವತ್ತು ವರ್ಷ ಚೆಲುವಮ್ಮನಿಗೆ ಸೊಲ್ಲು ಕೊಟ್ಟವಳು ಪಕ್ಕದ ಬೀದಿಯ ನಾರಾಯಣಮ್ಮ. ವಯಸ್ಸಿನಲ್ಲಿ ದೊಡ್ಡವಳೆಂದು ಅವಳನ್ನು ಅಕ್ಕ ಎಂದೇ ಕರೆಯುವುದು. ಗಂಡನ ಜೊತೆ ಉಂಡ ಮದುವೆ ಊಟಕ್ಕಿಂತ ಚೆಲುವಮ್ಮ ಈ ಅಕ್ಕನ ಪಕ್ಕ ಕೂತು ಉಂಡದ್ದೇ ಹೆಚ್ಚು. ಸಂಕ್ರಾಂತಿ ಕಳೆದ ಮರುವಾರ ನಾರಾಯಣಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಬಾಯಲ್ಲಿ ಉಳಿದದ್ದು 'ಅದು' ಎಂಬ ಒಂದೇ ಮಾತು. ನೀರು ಬೇಕಾದರೂ ಅದು, ಮಗ ಬಂದರೂ ಅದು. ಬಾಯಿಬಡುಕಿ ಎಂದು ಬೀದಿಯಲ್ಲೆಲ್ಲ ಹೆಸರಾಗಿದ್ದ ಹೆಂಗಸಿಗೆ ದೇವರು ಹಾಗೆ ಮಾಡಬಾರದಿತ್ತು.

ಚೆಲುವಮ್ಮ ತಮ್ಮನ ಹೆಂಡತಿಯನ್ನು ಜೊತೆಗೆ ಕೂರಿಸಿಕೊಂಡು ನೋಡಿದಳು. ಆಕೆಯ ಕಂಠ ಚೆನ್ನಾಗಿಯೇ ಇತ್ತು. ಎರಡನೇ ಪದದ ಹೊತ್ತಿಗೆ ಚೆಲುವಮ್ಮನ ಕಣ್ಣು ತುಂಬಿ ಬಂದು, ಇವತ್ತಿಗೆ ಸಾಕು ಎಂದು ಎದ್ದುಬಿಟ್ಟಳು. ಅಕ್ಕ ಬದುಕಿರುವಾಗಲೇ ಅವಳ ಜಾಗವನ್ನು ಇನ್ನೊಬ್ಬರಿಗೆ ಕೊಡುವುದು ದ್ರೋಹವೆನಿಸಿತು. ಅದಕ್ಕಿಂತ ಹಾಡುವುದನ್ನೇ ಬಿಡುವುದು ವಾಸಿ ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಸೀಮಂತದ ಹುಡುಗಿ ಭೂಮಿಕಾ ಮತ್ತೆ ಫೋನು ಮಾಡಿದಳು. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ, ತವರು ಮಂಡ್ಯದ ಕಡೆ. ಇಲ್ಲಿ ತನ್ನವರೆನ್ನುವವರು ಯಾರೂ ಇಲ್ಲ, ಒಂದೆರಡು ಪದವಾದರೂ ಹೇಳಿ ಹೋಗಿ ಎಂದು ಬೇಡಿಕೊಂಡಳು. ಸಂಜೆ ತಿಳಿಸುತ್ತೇನೆಂದು ಚೆಲುವಮ್ಮ ಫೋನಿಟ್ಟಳು. ಹಾಡು ಬಿಡುವ ಸಂಗತಿಯನ್ನು ಮೊದಲು ಅಕ್ಕನಿಗೆ ಹೇಳಬೇಕು ಎಂದು ಹೊರಟಳು.

ನಾರಾಯಣಮ್ಮ ತಲೆ ಕೆದರಿಕೊಂಡು ಜಗಲಿಯಲ್ಲಿ ಕೂತಿದ್ದಳು. ಚೆಲುವಮ್ಮ ಹಿಂದೆ ಕೂತು, ಎಣ್ಣೆ ಹಚ್ಚಿ ಸಿಕ್ಕು ಬಿಡಿಸತೊಡಗಿದಳು. ಹೇಗೆ ಹೇಳುವುದೋ ತೋಚಲಿಲ್ಲ. ಕೈಗೊಂದು ಕೆಲಸ ಸಿಕ್ಕರೆ ಗುನುಗುವುದು ಅವಳ ರೂಢಿ.

"ತವರಿಂದ ಬಂದಾವು ಹಸುರು ಬಳೆ..."

ಅಷ್ಟಕ್ಕೆ ನಿಲ್ಲಿಸಿದಳು. ಮೂವತ್ತು ವರ್ಷ ಅಲ್ಲೇ ನಿಲ್ಲಿಸಿ ಅಭ್ಯಾಸವಾಗಿಹೋಗಿತ್ತು.

"ಹಸುರು ಬಳೆ... ಸೋಬಾನವೇ."

ಬಾಚಣಿಗೆ ಕೂದಲಲ್ಲೇ ನಿಂತಿತು. ಒಳಗಿಂದ ಸೊಸೆ ಸೌಟು ಹಿಡಿದೇ ಓಡಿ ಬಂದಳು. ನಾರಾಯಣಮ್ಮನ ದನಿ ಗೊಗ್ಗರಾಗಿತ್ತು, ನಾಲಿಗೆ ತೊಡರಿತ್ತು, ಆದರೂ ಸೊಲ್ಲು ಎಳ್ಳಷ್ಟೂ ತಪ್ಪಿರಲಿಲ್ಲ. ಚೆಲುವಮ್ಮ ಮುಂದಿನ ಸಾಲು ಎತ್ತಿದಳು. ಅದಕ್ಕೂ ಸೊಲ್ಲು ಬಂತು. ಆಸೆ ತಡೆಯಲಾರದೆ ಎದುರಿಗೆ ಬಂದು ಕೂತಳು.

"ಅಕ್ಕಾ, ನಾನ್ಯಾರು ಹೇಳು?"

ನಾರಾಯಣಮ್ಮ ಅವಳ ಮುಖವನ್ನೇ ನೋಡಿ, "ಅದು" ಎಂದಳು.

ಮಾತೇನೂ ಮರಳಿರಲಿಲ್ಲ, ಹಾಡು ಮಾತ್ರ ಹೋಗದೆ ಉಳಿದಿತ್ತು. ಚೆಲುವಮ್ಮ ಅವಳ ತೊಡೆಯ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ಜಡೆ ಹೆಣೆದು ಮುಗಿಸಿದಳು. ಕರೆದುಕೊಂಡು ಹೋಗಬಹುದೇ ಎಂದು ಸೊಸೆಯನ್ನು ಕೇಳಿದಳು. ಸೊಸೆ ತಲೆಯಾಡಿಸಿದ ಮೇಲೆ ಅಲ್ಲಿಂದಲೇ ಭೂಮಿಕಾಗೆ ಫೋನು ಮಾಡಿದಳು.

"ಬತ್ತೀವಿ ಕಣಮ್ಮ. ಇಬ್ರೂ ಬತ್ತೀವಿ. ನಮ್ಮಕ್ಕಂಗೆ ನೆಲದ್ ಮ್ಯಾಲೆ ಕೂರಕ್ಕಾಗಲ್ಲ, ಒಂದು ಕುರ್ಚಿ ಹಾಕ್ಸು."