ಕ್ಯಾರವಾನ್ ಆಂಟಿ

ಅವರ ಮೂಗಿನ ತುದಿಯಲ್ಲಿ ಸದಾ ಒಂದು ಚುಕ್ಕೆ ಹಸಿರು ಪೇಂಟ್ ಇರುತ್ತಿತ್ತು. ನೈರೋಬಿಯ ನ್ಗಾರಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಅವರು. ಕಾರಿಗೆ ಕಟ್ಟಿ ಎಳೆಯುವ ಹಳೆಯ ಮನೆಗಾಡಿಗಳನ್ನು, ಅಂದರೆ ಕ್ಯಾರವಾನುಗಳನ್ನು, ರಿಪೇರಿ ಮಾಡಿ ಸುತ್ತುವ ನಮ್ಮಂಥವರನ್ನು ಭಾನುವಾರ ಅಂಗಳದಲ್ಲಿ ಸೇರಿಸಿ, “ಏನಾಯ್ತು, ಹೇಳ್ರೀ” ಎನ್ನುತ್ತಿದ್ದರು. ನನ್ನ ಕ್ಯಾರವಾನಿನ ಚಾವಣಿ ಮೊದಲ ಪ್ರವಾಸದಲ್ಲೇ ಮಳೆಗೆ ಸೋರಿ, ನೈವಾಷಾ ಸರೋವರಕ್ಕೆ ಹೋಗುವ ಅರ್ಧದಾರಿಯಿಂದ ನಾನು ಹಿಂತಿರುಗಿದ್ದೆ. ನಾಚಿಕೆಯಿಂದ ಬಾಯಿ ಬಿಡುತ್ತಿರಲಿಲ್ಲ.

ಒಮ್ಮೆ ಅವರೇ ಶುರುಮಾಡಿದರು: “ಆಯುಧಪೂಜೆ ದಿನ ನಿಂಬೆಹಣ್ಣು ಇಡೋಕೆ ಅಂತ ಚಕ್ರಕ್ಕೆ ಅಡ್ಡ ಇಟ್ಟಿದ್ದ ಕಲ್ಲು ತೆಗೆದೆ ಕಣ್ರೀ. ಮಂಗಳಾರತಿ ಮುಗಿಯೋದ್ರೊಳಗೆ ಗಾಡಿ ಜಾರಿ ಎದುರುಮನೆ ಬೇಲಿ ಸೇರಿತ್ತು!”

“ಅಯ್ಯೋ, ನಿಂಬೆಹಣ್ಣು?” ಎಂದರು ಯಾರೋ.

“ಅದೊಂದು ಮಾತ್ರ ಶಾಸ್ತ್ರೋಕ್ತವಾಗಿ ಅಪ್ಪಚ್ಚಿ ಆಯ್ತು.”

ಎಲ್ಲರೂ ನಕ್ಕರು. ಆಂಟಿ ನನ್ನತ್ತ ನೋಡಲೂ ಇಲ್ಲ.

ಮರುದಿನ ಬೆಳಿಗ್ಗೆ ನಾನೇ ಅವರ ಬಾಗಿಲು ತಟ್ಟಿ, ಸೋರಿದ ಕಥೆಯನ್ನು ಮೊದಲಿನಿಂದ ಹೇಳಿದೆ.