ಗೊಬ್ಬರದ ಯಂತ್ರ ಮತ್ತು ದೊಡ್ಡವ್ವನ ಹೇಸಿಗೆ

ದೊಡ್ಡವ್ವನ ನೆತ್ತಿಯ ಮೇಲೆ ಅಂಗೈ ಅಗಲದ ಜಾಗದಲ್ಲಿ ಕೂದಲೇ ಇರಲಿಲ್ಲ. ಸುತ್ತಲೂ ದಟ್ಟ ಕೂದಲು, ನಡುವೆ ಗಟ್ಟಿಯಾಗಿ ಹೊಳೆಯುವ ಚರ್ಮ. ಎಣ್ಣೆ ಹಚ್ಚುವಾಗ ನನ್ನ ಬೆರಳು ಅಲ್ಲಿಗೆ ಹೋದರೆ ಹಿಮ್ಮಡಿ ಮುಟ್ಟಿದಂತಾಗುತ್ತಿತ್ತು. ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಬೇಸಿಗೆಯಲ್ಲೂ ತಿಪ್ಪೆಗೊಬ್ಬರದ ಪುಟ್ಟಿ ಹೊತ್ತು ಹೊತ್ತು ಆದದ್ದು ಅದು. ಬೇರೆ ಹೆಂಗಸರು ಇಂಥದ್ದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ದೊಡ್ಡವ್ವ ಕೇಳಿದವರಿಗೆಲ್ಲ ತಲೆ ಬಗ್ಗಿಸಿ ತೋರಿಸುತ್ತಿದ್ದಳು. "ನೋಡ್ರಿ, ಸಾವ್ಕಾರ್ರ ಮೆಣಸಿನಕಾಯಿ ಇಲ್ಲೇ ಬೆಳದಾವ" ಎನ್ನುತ್ತಿದ್ದಳು.

ಆಕೆ ನನ್ನ ಅಪ್ಪನ ಅಣ್ಣನ ಹೆಂಡತಿ. ಗೋಗಿಯ ಹತ್ತಿರದ ಊರು ನಮ್ಮದು. ಅವ್ವ ಬೇಗ ತೀರಿಕೊಂಡಿದ್ದರಿಂದ ನಾನು ಬೆಳೆದದ್ದು ದೊಡ್ಡವ್ವನ ಮನೆಯಲ್ಲೇ. ಈಗ ಸುರಪುರದಲ್ಲಿ ಶಿಕ್ಷಕಿಯಾಗಿದ್ದೇನೆ. ನಮ್ಮ ಕೇರಿಯ ಮನೆಗಳ ಗೋಡೆಗೆ ಬುದ್ಧನ ಪಟ ಬಂದು ಬಹಳ ವರ್ಷವಾಗಿತ್ತು. ಸಾಹುಕಾರರ ತಿಪ್ಪೆ ಮಾತ್ರ ನಮ್ಮ ಕೇರಿಯ ಬೆನ್ನು ಬಿಟ್ಟಿರಲಿಲ್ಲ. ಊರಿನಲ್ಲಿ ಗೊಬ್ಬರ ಹರವುವುದೆಂದರೆ ನಮ್ಮ ಹೆಂಗಸರನ್ನೇ ಕರೆಯಬೇಕು ಎಂದು ಯಾರೂ ಬರೆದಿಟ್ಟಿರಲಿಲ್ಲ, ಬೇರೆ ಯಾರನ್ನೂ ಕರೆಯುತ್ತಲೂ ಇರಲಿಲ್ಲ.

ಗೊಬ್ಬರ ಬಂಗಾರ, ಅದರ ವಾಸನೆ ಮಣ್ಣಿನ ಮಗನಿಗೆ ಅತ್ತರು ಎಂದು ಈಗ ಮೊಬೈಲಿನಲ್ಲಿ ಸಂದೇಶಗಳು ಬರುತ್ತವೆ. ಕಳಿಸುವವರಲ್ಲಿ ಒಬ್ಬರೂ ಪುಟ್ಟಿ ಹೊತ್ತವರಲ್ಲ. ತಿಪ್ಪೆಯ ಮೇಲ್ಪದರ ಒಣಗಿರುತ್ತದೆ, ಒಳಗೆ ಹಸಿ. ಸಲಿಕೆ ಹಾಕಿದಾಗ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ. ಬೆರಳ ಗಾತ್ರದ ಬಿಳಿ ಹುಳಗಳು ಹೊರಳುತ್ತವೆ. ಪುಟ್ಟಿಯ ಸಂದಿನಿಂದ ಕಂದು ನೀರು ಹಣೆಗೆ ಇಳಿದು ಹುಬ್ಬು ದಾಟಿ ತುಟಿಗೆ ಬರುತ್ತದೆ. ಎರಡೂ ಕೈ ಪುಟ್ಟಿ ಹಿಡಿದಿರುವುದರಿಂದ ಒರೆಸಿಕೊಳ್ಳುವ ಹಾಗಿಲ್ಲ. ದೊಡ್ಡವ್ವ ತುಟಿ ಬಿಗಿಹಿಡಿದು ನಡೆದು, ಪುಟ್ಟಿ ಚೆಲ್ಲಿದ ಕೂಡಲೇ ಉಗುಳುತ್ತಿದ್ದಳು. "ಥೂ, ಹೇಸಿ!" ಅಷ್ಟೇ ಆಕೆಯ ಮಂತ್ರ. ಹೊಲದ ಆ ತುದಿಯಲ್ಲಿದ್ದವರಿಗೂ ಕೇಳುವ ಹಾಗೆ ಹೇಳುತ್ತಿದ್ದಳು.

ಅದು ಸಾಹುಕಾರರಿಗೆ ಸರಿಬರುತ್ತಿರಲಿಲ್ಲ. ಅವರು ಬೇವಿನ ಗಿಡದ ನೆರಳಿನಲ್ಲಿ ಮೂಗಿಗೆ ಟವೆಲು ಹಿಡಿದು ನಿಂತಿರುತ್ತಿದ್ದರು. ಒಮ್ಮೆ ಅವರ ಬೀಗರೊಬ್ಬರು, "ಇಂಥಾ ನಾತದಾಗ ಹೆಂಗ ಮಾಡ್ತಾರೋ" ಎಂದಾಗ ಸಾಹುಕಾರರು ಟವೆಲು ತೆಗೆಯದೆಯೇ, "ಅವರಿಗೆ ರೂಢಿ ಅದರಿ" ಎಂದರು. ನಾನು ಅಲ್ಲೇ ನೀರಿನ ಕೊಡದ ಹತ್ತಿರ ಇದ್ದೆ. ಗೊಬ್ಬರದ ವಾಸನೆಗಿಂತ ಆ ಮಾತೇ ನನಗೆ ಹೆಚ್ಚು ಹೇಸಿಗೆ. ಮನೆಗೆ ಬಂದ ಮೇಲೆ ದೊಡ್ಡವ್ವ ನನಗೆ ಹೇಳಿದ್ದಳು: "ಹೇಸಿಗಿ ಅವರ ಮನಿ ಆಸ್ತಿ ಅಂತ ತಿಳ್ಕೊಂಡಾರ. ನಮಗೂ ಮೂಗು ಅದ, ನಮಗೂ ಬರ್ತದ. ಬಾಯಿ ಬಿಟ್ಟು ಹೇಳಬೇಕವ್ವ, ಇಲ್ಲಂದ್ರ ಇವರಿಗೆ ಬರೋದೇ ಇಲ್ಲ ಅಂತ ಬರ್ಕೋತಾರ."

ನಾರಾಯಣಪುರದ ಕಾಲುವೆ ನೀರು ಬಂದು ಹತ್ತಿ, ಮೆಣಸಿನಕಾಯಿ ಹೆಚ್ಚಾದ ಮೇಲೆ ನೆಲಕ್ಕೆ ಗೊಬ್ಬರ ಸಾಲದಾಯಿತು. ಮೊದಲು ಬಂಡಿಯಲ್ಲಿ ಹೇರುತ್ತಿದ್ದುದು ಟ್ರ್ಯಾಕ್ಟರಿಗೆ ಬಂತು. ಗಂಡಸರು ಸಲಿಕೆಯಿಂದ ತುಂಬುತ್ತಿದ್ದುದನ್ನು ಜೆಸಿಬಿ ತುಂಬತೊಡಗಿತು. ಹೊಲದಲ್ಲಿ ಗುಪ್ಪೆ ಹಾಕಿ ಟ್ರ್ಯಾಕ್ಟರ್ ಹೊರಟುಹೋದ ಮೇಲೆ ಉಳಿಯುತ್ತಿದ್ದದ್ದು ಪುಟ್ಟಿ ಮತ್ತು ನಮ್ಮ ಹೆಂಗಸರು. ಗಂಡಸರ ಕೆಲಸಕ್ಕೆಲ್ಲ ಯಂತ್ರ ಬಂದಿತ್ತು, ಹೆಂಗಸರ ತಲೆಗೆ ಬಂದಿರಲಿಲ್ಲ. ಅದೇ ಕಾಲದಲ್ಲಿ ಯಾದಗಿರಿಯ ಕಡೆಯಿಂದ ಸಾವಯವ ಕೃಷಿಯವರು ಕೆಲವರು ಬಂದು, ಪುಟ್ಟಿ ಹೊತ್ತು ಸಾಲಾಗಿ ಹೋಗುವ ಹೆಂಗಸರ ಫೋಟೋ ತೆಗೆದು, ಇದು ಉಳಿಯಬೇಕಾದ ಪದ್ಧತಿ ಎಂದರು. ದೊಡ್ಡವ್ವ ಸೋರುವ ಪುಟ್ಟಿಯನ್ನು ಅವರ ಮುಂದಿಟ್ಟು, "ಫೋಟೋ ಆಮ್ಯಾಲ ತಗೀರಿ. ಮೊದಲ ಒಂದು ಸಲ ಹೊತ್ತು ನೋಡ್ರಿ" ಎಂದಳು. ಅವರು ನಕ್ಕು, ಅದರದೂ ಒಂದು ಫೋಟೋ ತೆಗೆದುಕೊಂಡು ಹೋದರು. ಥೂ.

ಕೊನೆಗೆ ಒಂದು ಬೇಸಿಗೆಯಲ್ಲಿ ಸಾಹುಕಾರರು ಮಹಾರಾಷ್ಟ್ರದ ಕಡೆಯಿಂದ ಗೊಬ್ಬರ ಹರವುವ ಯಂತ್ರ ತರಿಸಿದರು. ನೋಡಲು ಟ್ರಾಲಿಯ ಹಾಗೇ ಇತ್ತು. ಅದರ ತಳದಲ್ಲಿ ಸರಪಳಿ, ಹಿಂದುಗಡೆ ತಿರುಗುವ ಉದ್ದುದ್ದ ಹಲ್ಲು. ಟ್ರ್ಯಾಕ್ಟರ್ ಎಳೆಯುತ್ತ ಹೋದರೆ ಸರಪಳಿ ಗೊಬ್ಬರವನ್ನು ಹಿಂದಕ್ಕೆ ತಳ್ಳುತ್ತದೆ, ಹಲ್ಲು ಅದನ್ನು ಪುಡಿಮಾಡಿ ಹೊಲದ ತುಂಬ ಎರಚುತ್ತದೆ. ಕೇರಿಯ ಹೆಂಗಸರು ಕೂಲಿ ಹೋಯಿತೆಂದು ಹೆದರಿದರು. ದೊಡ್ಡವ್ವ ಮಾತ್ರ ಮನೆಗೆ ಸೊಸೆ ಬಂದ ಹಾಗೆ ಸಂಭ್ರಮಪಟ್ಟಳು. "ಇಷ್ಟು ದಿನ ಕುರಿಗಿದ್ದ ಬುದ್ಧಿ ಮನಶ್ಯಾಗ ಇರಲಿಲ್ಲ. ಕುರಿ ಹೊಲದಾಗ ಹಿಕ್ಕಿ ತಾನ ಹಾಕ್ತದ, ತಾನ ಹರವತದ, ಯಾರ ತಲಿನೂ ಕೇಳಂಗಿಲ್ಲ" ಎಂದಳು. ಆ ಯಂತ್ರ ಓಡಿಸಲು ಸಾಹುಕಾರರು ಇಟ್ಟುಕೊಂಡದ್ದು ದೊಡ್ಡವ್ವನ ಮಗನನ್ನೇ. ನಾನು ಅಣ್ಣ ಎನ್ನುವವನು. ಅವನು ಹೊಸ ಅಂಗಿ ಹಾಕಿಕೊಂಡು ಸೀಟಿನ ಮೇಲೆ ಕುಳಿತ ಗತ್ತು ಹೇಳತೀರದು.

ಮೊದಲ ದಿನ ನೋಡಲು ಮಂದಿ ಸೇರಿದ್ದರು. ಬಳಿಚಕ್ರದ ಕಡೆಯಿಂದಲೂ ರೈತರು ಬಂದಿದ್ದರು. ಹಲ್ಲಿಗೆ ಸಿಗದೆ ಉಳಿದ ಹೆಂಟೆ ಒಡೆಯಲು ದೊಡ್ಡವ್ವನನ್ನೂ ನಾಲ್ಕೈದು ಹೆಂಗಸರನ್ನೂ ಕರೆಸಿದ್ದರು. ನನಗೆ ರಜೆ, ನಾನೂ ಹೋಗಿದ್ದೆ. ಯಂತ್ರ ಹೊಲದ ಅರ್ಧ ಚೆನ್ನಾಗಿಯೇ ಎರಚಿತು. ಆಮೇಲೆ ಗರಗರ ಎಂದು ನಿಂತುಬಿಟ್ಟಿತು. ಅಣ್ಣ ಟ್ರ್ಯಾಕ್ಟರ್ ಬಂದ್ ಮಾಡಿದ. ಹಿಂದೆ ಹೋಗಿ ನೋಡಿದರೆ ಹಲ್ಲಿಗೆ ಪ್ಲಾಸ್ಟಿಕ್ ದಾರ ಸುತ್ತಿಕೊಂಡಿತ್ತು. ಅದರಲ್ಲಿ ಸಿಕ್ಕಿ ಉಬ್ಬಿ ಕುಳಿತಿದ್ದವು ಡೈಪರುಗಳು. ಒಂದೆರಡಲ್ಲ, ಗೊಂಚಲು. ಊರಿನಲ್ಲಿ ಆಗ ಡೈಪರು ಹಾಕುತ್ತಿದ್ದದ್ದು ಸಾಹುಕಾರರ ಮೊಮ್ಮಕ್ಕಳಿಗೆ ಮಾತ್ರ. ಒಂದು ವರ್ಷ ಹಳೆಯ ಹೇಲು, ಗೊಬ್ಬರದ ಕಾವಿನಲ್ಲಿ ಬೆಂದು, ಹಲ್ಲಿನಲ್ಲಿ ಹರಿದು ನೇತಾಡುತ್ತಿತ್ತು. ಬರೆಯುವಾಗಲೂ ನನಗೆ ವಾಕರಿಕೆ ಬರುತ್ತಿದೆ.

ಸಾಹುಕಾರರು ಟವೆಲಿನೊಳಗಿಂದಲೇ ದೊಡ್ಡವ್ವನಿಗೆ, "ಏ, ಕೈ ಹಾಕಿ ತಗಿ ಅದನ್ನ. ಜಲ್ದಿ" ಎಂದರು.

ದೊಡ್ಡವ್ವ ಕದಲಲಿಲ್ಲ. "ನಾ ತಗ್ಯಂಗಿಲ್ಲರಿ."

"ಯಾಕ? ದಿನಾ ಮಾಡೋ ಕೆಲಸ ಅಲ್ಲೇನು?"

"ಹೇಸಿಗಿ ಬರ್ತದರಿ."

ಸಾಹುಕಾರರಿಗೆ ಆ ಉತ್ತರ ಅರ್ಥವೇ ಆಗಲಿಲ್ಲ ಎನ್ನುವುದು ಅವರ ಮುಖದಲ್ಲಿ ಕಾಣುತ್ತಿತ್ತು. ಕೂಲಿ ಹೆಚ್ಚು ಕೇಳಿದ್ದರೆ ಬೈಯುತ್ತಿದ್ದರು, ಮೈಗೆ ಹುಷಾರಿಲ್ಲ ಎಂದಿದ್ದರೆ ಬೇರೆಯವರನ್ನು ಕರೆಯುತ್ತಿದ್ದರು. ಅಣ್ಣ ಸೀಟಿನಿಂದ ಇಳಿಯದೆ ಕೂಗಿದ: "ಯವ್ವಾ, ಒಂಚೂರು ಕೈ ಹಾಕು. ಎಲ್ಲಾರೂ ನೋಡಾಕತ್ತಾರ. ನನ್ನ ಕೆಲಸ ಹೋಗ್ತದ." ಆ ಕೆಲಸ ಹೋದರೆ ಮನೆಗೆ ಬೇರೆ ಗತಿಯಿಲ್ಲ ಎಂದು ದೊಡ್ಡವ್ವನಿಗೂ ಗೊತ್ತಿತ್ತು. ಆಕೆ ಮಗನ ಕಡೆ ನೋಡದೆ ಬದುವಿನ ಮೇಲೆ ಕುಳಿತಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕುಳಿತರು.

"ಸಾವ್ಕಾರ್ರ, ಹೊಲದಾಗಿನ ದನದ ಸೆಗಣಿ ಇಷ್ಟು ವರ್ಷ ಹೊತ್ತೀವಿ. ಇದು ದನದ್ದಲ್ಲ, ನಿಮ್ಮ ಮನಿದು. ನೀವೇ ತಗೀರಿ" ಎಂದಳು ದೊಡ್ಡವ್ವ.

ನೋಡಲು ಬಂದಿದ್ದ ರೈತರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಇರದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಸಾಹುಕಾರರು ಕೆಂಪಾಗಿ, ಧೋತರ ಎತ್ತಿಕಟ್ಟಿ, ಕೈ ಹಾಕಿದರು. ಒಂದನ್ನು ಎಳೆದರು. ಅದು ಅರ್ಧಕ್ಕೆ ಹರಿದು ಅವರ ಮೊಣಕೈ ತನಕ ಚೆಲ್ಲಿತು. ಅವರು ಟ್ರಾಲಿ ಹಿಡಿದುಕೊಂಡು ಬಗ್ಗಿ, ಮುಂಜಾನೆ ತಿಂದದ್ದನ್ನೆಲ್ಲ ಕಾರಿದರು. ಆಗ ದೊಡ್ಡವ್ವ ಎದ್ದಳು. ನಮ್ಮ ಕೊಡದಿಂದಲೇ ಅವರ ಕೈಗೆ ನೀರು ಹಾಕಿದಳು. ನಮ್ಮ ಕೊಡದ ನೀರನ್ನು ಎಂದೂ ಮುಟ್ಟದವರು ಅಂದು ಎರಡೂ ಕೈ ಒಡ್ಡಿ ನಿಂತಿದ್ದರು. ನೀರು ಹಾಕುತ್ತ ಆಕೆ ಮೆಲ್ಲಗೆ, "ಮೊದಲ ಮೊದಲ ಹಿಂಗ ಆಗ್ತದರಿ. ಆಮ್ಯಾಲ ರೂಢಿ ಆಗ್ತದ" ಎಂದಳು.

ಒಂದು ವಾರದೊಳಗೆ ಶಹಾಪುರದ ವೆಲ್ಡಿಂಗ್ ಅಂಗಡಿಯಲ್ಲಿ ಉದ್ದ ಹಿಡಿಯ ಕೊಕ್ಕೆಯೊಂದು ತಯಾರಾಗಿ ಟ್ರಾಲಿಯ ಬದಿಗೆ ಬಂದು ಕೂತಿತು. ಸಾಹುಕಾರರ ಹಿತ್ತಲಿಗೆ ಡೈಪರಿಗೆಂದೇ ಒಂದು ಡ್ರಮ್ಮು ಬಂತು. ಗೊಬ್ಬರ ತುಂಬುವ ಮೊದಲು ಪ್ಲಾಸ್ಟಿಕ್ ತಡೆಯಲು ಕಬ್ಬಿಣದ ಜಾಳಿಗೆಯನ್ನೂ ಮಾಡಿಸಿದರು. ಈಗ ನಮ್ಮ ಕಡೆಯ ಎಷ್ಟೋ ಯಂತ್ರಗಳಿಗೆ ಅಂಥ ಕೊಕ್ಕೆ, ಜಾಳಿಗೆ ಇವೆ. ಕಬ್ಬಿಣ ಮೊದಲೂ ಇತ್ತು, ವೆಲ್ಡಿಂಗ್ ಅಂಗಡಿಯೂ ಇತ್ತು. ಕೊಕ್ಕೆ ಬೇಕು ಅನ್ನಿಸಲು ಸಾಹುಕಾರರ ಕೈಗೇ ಹೊಲಸು ಹತ್ತಬೇಕಾಯಿತು. ಸುಧಾರಣೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಇದೇ ನೆನಪಾಗಿ ಮೈ ಉರಿಯುತ್ತದೆ.

ದೊಡ್ಡವ್ವನನ್ನು ಆ ಹೊಲಕ್ಕೆ ಮತ್ತೆ ಯಾರೂ ಕರೆಯಲಿಲ್ಲ. ಕೇರಿಯ ಒಬ್ಬಿಬ್ಬರು, "ನಿನ್ನ ಮೂಗಿನ ಸಲುವಾಗಿ ನಮ್ಮ ಕೂಲಿ ಹೋತು" ಎಂದು ಮನೆ ಮುಂದೆ ನಿಂತು ಬೈದರು. ಆಕೆ ಹತ್ತಿ ಬಿಡಿಸಲು ದೂರದ ಹೊಲಗಳಿಗೆ ಹೋಗತೊಡಗಿದಳು. ಅಣ್ಣನ ಕೆಲಸ ಹೋಗಲಿಲ್ಲ, ಆ ಯಂತ್ರ ಬೇರೆ ಯಾರಿಗೂ ಬಗ್ಗುತ್ತಿರಲಿಲ್ಲ. ಆದರೆ ಅವನು ತಾಯಿಯ ಜೊತೆ ಬಹಳ ದಿನ ಮಾತು ಬಿಟ್ಟ. ಆಕೆ ಒಂದೇ ಒಂದು ಸಲ ನನ್ನ ಹತ್ತಿರ ಹೇಳಿಕೊಂಡಳು: "ಸಾವ್ಕಾರ ಹಂಗಂದಿದ್ದು ನೋಯಲಿಲ್ಲ. ನನ್ನ ಹೊಟ್ಟ್ಯಾಗ ಹುಟ್ಟಿದವನೂ ಅವ್ವಗ ಹೇಸಿಗಿ ಬರಂಗಿಲ್ಲ ಅಂತ ತಿಳ್ಕೊಂಡಾನಲ್ಲ."

ಹೋದ ವರ್ಷ ಆಕೆಗೆ ಲಕ್ವ ಹೊಡೆದು ಒಂದು ಬದಿ ಸತ್ತುಹೋಯಿತು. ಹಾಸಿಗೆಯಲ್ಲೇ ಎಲ್ಲ. ನಾನು ರಜೆ ಹಾಕಿ ಬಂದೆ. ತೊಳೆಯುವುದು, ಬಟ್ಟೆ ಬದಲಿಸುವುದು, ಬೆನ್ನ ಹುಣ್ಣಿಗೆ ಮುಲಾಮು ಹಚ್ಚುವುದು ನನ್ನ ಪಾಲಿಗೆ ಬಂತು. ಅಣ್ಣ ಔಷಧಿ ತರುತ್ತಿದ್ದ, ಹಣ್ಣು ತರುತ್ತಿದ್ದ, ಹೊಸ್ತಿಲಾಚೆ ಮೂಗಿಗೆ ಕರವಸ್ತ್ರ ಹಿಡಿದು ನಿಂತು ಅಳುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ನೋಡಲು ಬಂದ ಅತ್ತೆಯೊಬ್ಬಳು ನನ್ನ ಬೆನ್ನು ಸವರಿ, "ಇದ್ರ ಹಿಂಗ ಇರಬೇಕು. ಈಕಿಗೆ ಹೇಸಿಗಿ ಅನ್ನೋದೇ ಇಲ್ಲ ನೋಡು" ಎಂದಳು.

ದೊಡ್ಡವ್ವ ಕಣ್ಣು ಬಿಟ್ಟಳು. ಮಾತು ತೊದಲುತ್ತಿತ್ತು, ಆದರೂ ಸ್ಪಷ್ಟವಾಗಿ ಕೇಳಿದಳು: "ಖರೇ ಏನು? ನಿನಗ ಹೇಸಿಗಿ ಬರಂಗಿಲ್ಲೇನು?"

ಬೇರೆ ಯಾರೇ ಕೇಳಿದ್ದರೂ ಇಲ್ಲ ಎನ್ನುತ್ತಿದ್ದೆ. "ಬರ್ತದ ದೊಡ್ಡವ್ವ. ಭಾಳ ಬರ್ತದ" ಎಂದೆ.

ಆಕೆಯ ಅರ್ಧ ಬಾಯಿ ನಕ್ಕಿತು. "ಹಂಗಾದ್ರ ಅವನ್ನ ಕರಿ. ಒಂದಿನ ನೀ, ಒಂದಿನ ಅವ."

ಅಣ್ಣ ಬಂದ. ಕರವಸ್ತ್ರ ಜೇಬಿಗೆ ಹಾಕಿಕೊಂಡ. ಮುಖ ಕಿವುಚಿಕೊಂಡಿತ್ತು, ಮೊದಲ ಸಲ ಅರ್ಧ ನೀರು ನೆಲಕ್ಕೇ ಹೋಯಿತು. ಅತ್ತೆ ಗಾಬರಿಯಾಗಿ, ಗಂಡಸರಿಗೆ ಯಾಕೆ ಇದೆಲ್ಲ ಎಂದಳು. ಅಣ್ಣ ಇನ್ನೊಂದು ತಂಬಿಗೆ ನೀರು ತೆಗೆದುಕೊಂಡ. ಕೆಲಸ ಮುಗಿದ ಮೇಲೆ ದೊಡ್ಡವ್ವ ಮಗನ ಕೈ ಹಿಡಿದುಕೊಂಡು, "ಹೇಸಿಗಿ ಬಂದ್ರೂ ಮಾಡಿದಿ ಅಲ್ಲಪ್ಪ. ಅಷ್ಟ ಸಾಕು" ಎಂದಳು. ನಲವತ್ತು ದಾಟಿದ ಗಂಡಸು ಕೂಸಿನ ಹಾಗೆ ಆಕೆಯ ಹಾಸಿಗೆಗೆ ತಲೆಯಿಟ್ಟು ಅತ್ತ.

ಅಸಹ್ಯವನ್ನು ಅಸಹ್ಯ ಎಂದು ಹೇಳುವ ಧೈರ್ಯ ನನಗೆ ಎಲ್ಲಿಂದ ಬಂತು ಎಂದು ಶಾಲೆಯಲ್ಲಿ ಸಹೋದ್ಯೋಗಿಗಳು ಕೇಳುವುದುಂಟು. ಅದು ದೊಡ್ಡವ್ವ ಕೊಟ್ಟದ್ದು, ನನ್ನ ಸ್ವಂತದ್ದಲ್ಲ.

ಆಕೆ ಹೋದ ದಿನ ಸರದಿ ಅಣ್ಣನದಾಗಿತ್ತು. ಅವನೇ ತೊಳೆದು, ಒರೆಸಿ, ಸೀರೆ ಸರಿಮಾಡಿ, ಆಮೇಲೆ ಹೊರಗೆ ಬಂದು ನಮ್ಮನ್ನು ಕರೆದ.