ಆಕಾಶವಿಲ್ಲದ ಮಿಂಚುಳ್ಳಿ

ನನ್ನ ಕಣ್ಣಿನ ಬಗ್ಗೆ ನನಗೆ ಜಂಬವಿತ್ತು. ಮಾದಾಪುರದಿಂದ ಬೆಳಗಿನ ಬಸ್ಸು ಹಿಡಿದು ಕುಶಾಲನಗರದಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದಕ್ಕೆ ಹೋಗಿ, ಬೀಜ ಆರಿಸುವ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವಳು ನಾನು. ಮೊರದಲ್ಲಿ ಬೀಜ ಹರಡಿ ಒಮ್ಮೆ ಆಡಿಸಿದರೆ ಸಾಕು, ಕಪ್ಪಾದದ್ದು, ಹುಳ ಕೊರೆದದ್ದು, ಒಡೆದದ್ದು ತಾವಾಗಿಯೇ ನನ್ನ ಕಣ್ಣಿಗೆ ಬೀಳುತ್ತಿದ್ದವು. ಪಕ್ಕದಲ್ಲಿ ಕೂತವರು ಒಂದು ಮೊರ ಮುಗಿಸುವ ಹೊತ್ತಿಗೆ ನಾನು ಎರಡನೆಯದಕ್ಕೆ ಕೈ ಹಾಕಿರುತ್ತಿದ್ದೆ. ಹಾಕಿದ ಮೇಲೆ ಅವರತ್ತ ಒಮ್ಮೆ ನೋಡದೆ ಬಿಡುತ್ತಲೂ ಇರಲಿಲ್ಲ.

ಕೆಲಸ ಬಿಟ್ಟ ಮೇಲೆ ಮೊರ ಅಂಚೆಚೀಟಿಗೆ ಬಂತು. ಮೊರದಲ್ಲಿ ಬಿಳಿ ಹಾಳೆ ಹಾಸಿ, ಚೀಟಿಗಳನ್ನು ಹರಡಿ, ಚಿಮುಟ ಹಿಡಿದು ಕೂತರೆ ನನಗೆ ಊಟದ ನೆನಪಾಗುವುದಿಲ್ಲ. ಗಣ್ಯರ ನೆನಪಿಗೆ, ಹಕ್ಕಿಗಳ, ಹೂಗಳ ಗೌರವಕ್ಕೆ ಎಂದು ಹೊರಬರುವ ಸ್ಮರಣಾರ್ಥ ಚೀಟಿಗಳು ಕೇಳಿದವರಿಗೆಲ್ಲ ಸಿಗುತ್ತವೆ. ನನಗೆ ಬೇಕಾದದ್ದು ಅವುಗಳಲ್ಲಿ ದಾರಿ ತಪ್ಪಿದವು. ಅಚ್ಚಾಗುವಾಗ ಬಣ್ಣ ಕೂದಲೆಳೆಯಷ್ಟು ಸರಿದು ಹಕ್ಕಿಗೆ ಎರಡು ಕೊಕ್ಕು ಬಂದದ್ದು, ಅಂಚಿನ ತೂತುಗಳ ಸಾಲು ಒಳಗೆ ನುಗ್ಗಿ ಬೆಲೆಯ ಅಂಕಿಯನ್ನೇ ಕೊರೆದದ್ದು, ಇಡೀ ಒಂದು ಬಣ್ಣವೇ ಬಿಟ್ಟುಹೋದದ್ದು. ಸಂಗ್ರಾಹಕರು ಇವನ್ನು ವೆರೈಟಿ ಎನ್ನುತ್ತಾರೆ. ಕಾಫಿಯಲ್ಲಿ ಕೆಟ್ಟದ್ದನ್ನು ಆರಿಸಿ ಎಸೆಯಬೇಕು, ಇಲ್ಲಿ ಕೆಟ್ಟದ್ದನ್ನೇ ಆರಿಸಿ ಕಾಪಾಡಬೇಕು. ನನ್ನ ಬದುಕಿನಲ್ಲಿ ಆದ ಬದಲಾವಣೆ ಅಷ್ಟೇ.

ಗಂಡನಿಗೆ ಪೇಟೆಯಲ್ಲಿ ದಿನಸಿ ಅಂಗಡಿ. ಅವರಿಗೆ ಈ ಹುಚ್ಚು ಅರ್ಥವಾಗುವುದಿಲ್ಲ, ಆದರೆ ಅಡ್ಡಿಯೂ ಮಾಡುವುದಿಲ್ಲ. ಅಂಚೆ ಇಲಾಖೆಯಿಂದ ಕಾಫಿಯ ವಾಸನೆ ಬರುವ ಚೀಟಿ ಬಂದಾಗ ಮೂಸಿ ನೋಡಿ, "ಮನೆ ಹಿಂದೆ ಕಣದಲ್ಲಿ ಬಿದ್ದಿರೋದು ಸಾಲ್ದು ಅಂತ ಇದನ್ನ ಬೇರೆ ತಂದ್ಯಾ?" ಎಂದು ಕೇಳಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯಬಾರದೆಂದು ಬೀರುವಿನಲ್ಲಿ ಒಂದು ಬಲ್ಬು ಉರಿಸಿಡುತ್ತಾರೆ. ನಮ್ಮನೆಯಲ್ಲಿ ಆ ಬಲ್ಬಿನ ಬೆಚ್ಚಗಿನ ಜಾಗವೆಲ್ಲ ನನ್ನ ಆಲ್ಬಂಗಳದು. ಅವರ ರೇಷ್ಮೆ ಪಂಚೆ ಕೆಳಗಿನ ಅರೆಯಲ್ಲಿ ಬೂಷ್ಟು ಹಿಡಿಯುತ್ತಾ ಇರುತ್ತದೆ.

ಈ ಹುಚ್ಚಿಗೆ ಊರಿನಲ್ಲಿ ಜೊತೆ ಒಬ್ಬರೇ, ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬರು. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರು ನನ್ನನ್ನು ತಂಗಿ ಎನ್ನುತ್ತಾರೆ, ಜಗಳಕ್ಕೆ ಅದರಿಂದ ಏನೂ ತೊಂದರೆಯಾಗಿಲ್ಲ. ಅವರ ಮನೆಮಾತು ಅರೆಭಾಷೆ. ನಮ್ಮೊಡನೆ ಕನ್ನಡವನ್ನೇ ಆಡಿದರೂ ಸಿಟ್ಟು ಬಂದಾಗ ಅರೆಭಾಷೆ ನಡುವೆ ಇಣುಕುತ್ತದೆ. ಅವರ ಬಳಿ ಒಂದು ತಾವರೆಯ ಚೀಟಿ ಇದೆ. ಎಲ್ಲೆಡೆ ಬಿಳಿ ಕಾಗದದ ಮೇಲೆ ಅಚ್ಚಾದದ್ದು ಅವರಿಗೆ ಮಾತ್ರ ಕೆನೆ ಬಣ್ಣದ ಕಾಗದದ ಮೇಲೆ ಸಿಕ್ಕಿದೆಯಂತೆ. ಅದನ್ನು ತೋರಿಸದೆ ಅವರು ಯಾರನ್ನೂ ಕಾಫಿ ಕುಡಿಸಿ ಕಳುಹಿಸಿದವರಲ್ಲ. ಅದು ಕೆನೆ ಬಣ್ಣವೇ ಎಂದು ನಾನೂ ಒಪ್ಪಿ, ಒಳಗೊಳಗೆ ಹೊಟ್ಟೆ ಉರಿದುಕೊಂಡಿದ್ದೆ.

ಆದರೆ ಈಚೆಗೆ ನನಗೂ ಸುಗ್ಗಿ ಶುರುವಾಗಿತ್ತು. ಮೊರದಲ್ಲಿ ಹರಡಿದ್ದರಲ್ಲಿ ಏನಾದರೊಂದು ವೆರೈಟಿ ಸಿಗದ ವಾರವೇ ಇಲ್ಲ. ಬಿಳಿ ಅಂಚು ಹಳದಿಯಾದವು, ನೀಲಿ ಇರಬೇಕಾದಲ್ಲಿ ಕಪ್ಪು ಬಂದವು, ಬಣ್ಣ ಮಂಕಾದವು. ಅಚ್ಚುಹಾಕುವವರಿಗೆ ಮೊದಲಿನ ಶ್ರದ್ಧೆ ಇಲ್ಲವೆಂದು ನಾನು ತೀರ್ಮಾನಿಸಿದೆ. ಹಳದಿ ಕಾಗದದ್ದೆಂದೇ ಒಂದು ಆಲ್ಬಂ ಬೇರೆ ಮಾಡಿದೆ.

ಆಷಾಢದ ಒಂದು ಮಧ್ಯಾಹ್ನ ಹೀಗೆ ಮಿಂಚುಳ್ಳಿ ಸಿಕ್ಕಿತು. ಬೇರೆ ಸಂಗ್ರಾಹಕರೊಡನೆ ಮಾಡಿದ ವಿನಿಮಯದಲ್ಲಿ ಬಂದ ಕಟ್ಟಿನಲ್ಲಿ ಒಂದೇ ಮಿಂಚುಳ್ಳಿಯ ಚೀಟಿಗಳು ಹಲವು ಇದ್ದವು. ಕೊಂಬೆಯ ಮೇಲೆ ಕೂತ ಹಕ್ಕಿ, ಹಿಂದೆ ನೀಲಿ ಆಕಾಶ. ಒಂದರಲ್ಲಿ ಮಾತ್ರ ಹಕ್ಕಿ ಇತ್ತು, ಕೊಂಬೆ ಇತ್ತು, ಆಕಾಶವಿರಲಿಲ್ಲ. ಭೂತಗನ್ನಡಿ ಹಿಡಿದೆ. ಇಲ್ಲ. ಬಾಗಿಲ ಬೆಳಕಿಗೆ ಹೋದೆ. ಇಲ್ಲ. ಒಂದು ಬಣ್ಣ ಪೂರ್ತಿ ಬಿಟ್ಟುಹೋದ ಚೀಟಿ! ಸಂಗ್ರಾಹಕರು ಜೀವಮಾನವೆಲ್ಲ ಕಾದರೂ ಸಿಗದಂಥದ್ದು ನನ್ನ ಮೊರಕ್ಕೆ ಬಂದು ಬಿದ್ದಿತ್ತು. ಮಡಿಕೇರಿಯಲ್ಲಿ ನಡೆಯಲಿದ್ದ ಪುಟ್ಟ ಅಂಚೆಚೀಟಿ ಪ್ರದರ್ಶನದಲ್ಲಿ ಅದನ್ನಿಡಬೇಕೆಂದು ಆಗಲೇ ಒಂದು ಹಾಳೆಯ ಮೇಲೆ ದುಂಡಗೆ ಬರೆದೂಬಿಟ್ಟೆ: ಆಕಾಶವಿಲ್ಲದ ಮಿಂಚುಳ್ಳಿ.

ಮಾರನೆಯ ದಿನ ಅಣ್ಣ ಕೊಡೆ ಮಡಿಸಿ ಬಂದು, ಕನ್ನಡಕ ಒರೆಸಿ, ಚೀಟಿಯನ್ನು ಕಿಟಕಿಯ ಕಡೆ ವಾಲಿಸಿ ವಾಲಿಸಿ ನೋಡಿದರು.

"ಎಂಥ ತಂಗಿ, ಆಕಾಶ ಉಂಟಲ್ಲ ಇದರಲ್ಲಿ."

"ಎಲ್ಲಿದೆ?"

"ಇಲ್ಲೇ. ಶಾಯಿ ತೆಳು ಅಷ್ಟೇ. ಯಾರೋ ಬಿಸಿಲಿಗೆ ಇಟ್ಟದ್ದೋ ಎಂಥದೋ."

"ನಿಮ್ಮ ತಾವರೆಗಿಂತ ಇದು ದೊಡ್ಡದು ಅಂತ ನಿಮಗೆ ಸಂಕಟ," ಎಂದೆ. ಬಾಯಿಂದ ಬಿದ್ದ ಮೇಲೆ ಮೆದುಗೊಳಿಸುವ ಅಭ್ಯಾಸ ನನಗಿಲ್ಲ.

"ಆಕಾಶ ಉಟ್ಟು ಹೇಳಿದೆ ನಾನು, ಉಟ್ಟು!" ಎಂದು ಅವರ "ಉಂಟು" ಅರೆಭಾಷೆಗೆ ಇಳಿಯಿತು. ಕಾಫಿ ಅರ್ಧಕ್ಕೆ ಬಿಟ್ಟು ಕೊಡೆ ಬಿಚ್ಚಿಕೊಂಡು ಹೋದರು.

ರಾತ್ರಿಯ ಊಟಕ್ಕೆ ಮೊದಲು ಗಂಡನ ಮುಂದೆ ಚೀಟಿ ಹಿಡಿದೆ. ಅವರಿಗೆ ಯಾವ ಪಕ್ಷವೂ ಇಲ್ಲ, ತಕ್ಕಡಿ ಹಿಡಿಯುವವರು. ಹಕ್ಕಿಯ ಹಿಂದೆ ಏನು ಕಾಣುತ್ತದೆ ಎಂದು ಕೇಳಿದೆ.

"ತೆಳ್ಳಗೆ ನೀಲಿ ಐತೆ ಕಣೆ."

"ಸರಿಯಾಗಿ ನೋಡಿ."

"ನೋಡೋಕೇನು, ಎದುರಿಗೇ ಐತಲ್ಲ. ನಿಂಗೆ ಕಾಣ್ತಿಲ್ವಾ?"

ಚೀಟಿ ಕಿತ್ತುಕೊಂಡೆ. ಅಡುಗೆಮನೆಗೆ ಹೋಗಿ ಕೂತೆ. ಒಂದೊಂದೇ ನೆನಪಾಗತೊಡಗಿತು. ಕಪ್ಪು ರವಿಕೆಗೆ ನೀಲಿ ದಾರದಲ್ಲಿ ಗುಂಡಿ ಹೊಲಿದದ್ದು. ಅನ್ನದಲ್ಲಿ ಕಲ್ಲು ಸಿಕ್ಕಿದಾಗ, ಕಲ್ಲು ಕಣ್ತಪ್ಪಿದ್ದು ನನಗೇ ಎಂದು ಒಪ್ಪದೆ, ಅಂಗಡಿಗೆ ಬಂದ ಮೂಟೆಯೇ ಸರಿಯಿಲ್ಲವೆಂದು ಗಂಡನ ಮೇಲೆ ಹಾರಾಡಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೇರೆಯವರಾದರೆ ಬೆಳಕು ಮಂಕಾದಾಗ ವೈದ್ಯರ ಹತ್ತಿರ ಹೋಗುತ್ತಾರೆ. ನಾನು ಹೊಸ ಆಲ್ಬಂ ಕೊಂಡಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವ ಗಾದೆಯನ್ನು ಎಷ್ಟೋ ಜನರಿಗೆ ಹೇಳಿದ್ದವಳು ನಾನು, ಆ ಹಳದಿಯನ್ನು ಆಲ್ಬಮ್ಮಿಗೆ ಅಂಟಿಸಿ ಇಟ್ಟುಕೊಂಡವಳೂ ನಾನೇ.

ನಗು ಬರಲಿಲ್ಲ. ಭಯವಾಯಿತು. ಈ ಕಣ್ಣೊಂದನ್ನು ಬಿಟ್ಟರೆ ನನ್ನಲ್ಲಿ ಹೇಳಿಕೊಳ್ಳುವಂಥದ್ದು ಏನಿತ್ತು? ಹಾಡಲು ಬಾರದು, ಅಡುಗೆಯೂ ಅಷ್ಟಕ್ಕಷ್ಟೇ. ಹತ್ತು ಒಂದೇ ಥರದವುಗಳ ನಡುವೆ ಬೇರೆಯದೊಂದನ್ನು ಹೆಕ್ಕುವುದೊಂದೇ ನನ್ನ ವಿದ್ಯೆ. ಅದು ಹೋದರೆ ಆ ಮೊರದಲ್ಲಿ ಇನ್ನು ಹಪ್ಪಳ ಒಣಗಿಸಬೇಕಷ್ಟೇ ಅನ್ನಿಸಿ ಅಳು ಬಂತು.

ಮಡಿಕೇರಿಯ ಕಣ್ಣಿನ ವೈದ್ಯೆ ನನ್ನ ಮಗಳ ವಯಸ್ಸಿನವರು. ಎರಡು ಕಣ್ಣಿಗೂ ಪೊರೆ ಬಂದಿದೆ, ಬಲಗಣ್ಣಿನದು ಹಣ್ಣಾಗಿದೆ ಎಂದರು. ಪೊರೆ ತೆಗೆದು ಲೆನ್ಸ್ ಇಡುವುದು ದೊಡ್ಡ ಮಾತಲ್ಲ. ಆದರೆ ನನಗೆ ಶುಗರ್ ಇತ್ತು.

"ಅಮ್ಮಾ, ಪೊರೆ ದಪ್ಪ ಇರೋದ್ರಿಂದ ಕಣ್ಣಿನ ಹಿಂದಿನ ಪರದೆ ಹೇಗಿದೆ ಅಂತ ನನಗೆ ಪೂರ್ತಿ ಕಾಣ್ತಿಲ್ಲ. ಸಕ್ಕರೆ ಅಲ್ಲಿಗೆ ಏನಾದರೂ ಮಾಡಿದ್ರೆ ದೃಷ್ಟಿ ಎಷ್ಟು ಬರುತ್ತೆ ಅಂತ ಆಪರೇಷನ್ ಆದ ಮೇಲೇ ಗೊತ್ತಾಗೋದು."

"ಬಣ್ಣ?"

"ಏನು ಬಣ್ಣ?"

"ತೆಳು ನೀಲಿ. ಅದು ಕಾಣುತ್ತಾ?"

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಬಸ್ಸಿನ ಬೋರ್ಡು, ಮೊಮ್ಮಕ್ಕಳ ಮುಖ, ಸೂಜಿಯ ಕಣ್ಣು ಕಾಣುತ್ತಾ ಎಂದು ಕೇಳುವವರನ್ನು ಕಂಡಿದ್ದರೇನೋ. ಪ್ರಯತ್ನ ಮಾಡೋಣ ಅಮ್ಮಾ ಎಂದರು. ಶುಗರ್ ಹತೋಟಿಗೆ ಬಂದ ಮೇಲೆ ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಎಂದಾಯಿತು.

ಅಲ್ಲಿಯವರೆಗೆ ಮೊರ ಮುಟ್ಟಲಿಲ್ಲ. ಪ್ರದರ್ಶನ ನಾನಿಲ್ಲದೆಯೇ ಮುಗಿಯಿತು. ಜಗಳವಾಡಿ ಹೋದ ಅಣ್ಣ ವಿಷಯ ತಿಳಿದ ದಿನವೇ ಬಂದು, ಮಿಂಚುಳ್ಳಿಯ ಮಾತೆತ್ತದೆ, ತಮ್ಮ ತೋಟದ ಹಾಗಲಕಾಯಿ ಕೊಟ್ಟು ಹೋದರು. ಸಕ್ಕರೆ ಹಾಕದ ಕಾಫಿಯನ್ನು ನನ್ನ ಜೊತೆ ಕುಡಿದು ಮುಖ ಹಿಂಡಿದ್ದನ್ನು ನಾನು ಮರೆಯುವುದಿಲ್ಲ.

ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಬರೀ ಬಿಳುಪು. ಗೋಡೆ ಬಿಳಿ, ಹಾಸಿಗೆ ಬಿಳಿ, ಗಂಡನ ತಲೆಯೂ ನಾನಂದುಕೊಂಡಿದ್ದಕ್ಕಿಂತ ಬಿಳಿ. ವೈದ್ಯೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಹಿಂದಿನ ಪರದೆ ಚೆನ್ನಾಗಿದೆ ಅಮ್ಮಾ" ಎಂದರು. ಆದರೂ ನನಗೆ ನಂಬಿಕೆ ಬರಲಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ, ಒಂದು ತಿರುವಿನ ಆಚೆ, ಯಾರದೋ ಮನೆಯ ಪಕ್ಕ ಸೌದೆಯ ರಾಶಿಗೆ ಹೊದಿಸಿದ ನೀಲಿ ಟಾರ್ಪಲು ಕಂಡಿತು. ಅದು ಎಂಥ ನೀಲಿ! ಅಷ್ಟು ನೀಲಿಯನ್ನು ನಾನು ಎಷ್ಟು ಕಾಲದಿಂದ ಕಂಡಿರಲಿಲ್ಲವೋ. ಟಾರ್ಪಲು ನೋಡಿ ಅತ್ತವಳು ಕೊಡಗಿನಲ್ಲಿ ನಾನೊಬ್ಬಳೇ ಇರಬೇಕು. ಕಣ್ಣಿಗೆ ನೀರು ತಾಗಬಾರದೆಂದು ಗಂಡ ಗಾಬರಿಯಲ್ಲಿ ತಮ್ಮ ಕರವಸ್ತ್ರ ಹುಡುಕಿದರು.

ಮನೆಗೆ ಬಂದವಳೇ ಬೀರು ತೆಗೆದೆ. ಹಳದಿ ಕಾಗದದ ಆಲ್ಬಂ ಬಿಡಿಸಿದರೆ ಒಂದೂ ಹಳದಿಯಿರಲಿಲ್ಲ, ಎಲ್ಲ ಹಾಲಿನಂತೆ ಬಿಳಿ. ಮಿಂಚುಳ್ಳಿಯನ್ನು ಕೊನೆಗೆ ತೆಗೆದೆ. ಹಕ್ಕಿಯ ಹಿಂದೆ, ಕೊಂಬೆಯ ಸಂದಿಯಲ್ಲೆಲ್ಲ ತೆಳುವಾದ ಆಕಾಶ ಇತ್ತು. ಮೊದಲಿನಿಂದಲೂ ಅಲ್ಲೇ ಇತ್ತು. ಸಂತೋಷವಾಯಿತು, ಬೇಸರವೂ ಆಯಿತು. ಜೀವಮಾನಕ್ಕೊಮ್ಮೆ ಸಿಕ್ಕ ಆ ಚೀಟಿ ಹೋಗಿತ್ತಲ್ಲ.

ಎಡಗಣ್ಣಿನ ಸರದಿ ಬರುವವರೆಗೆ ಒಂದು ಆಟ ಸಿಕ್ಕಿತು. ಎಡಗಣ್ಣು ಮುಚ್ಚಿದರೆ ಆಕಾಶ ಬರುತ್ತದೆ, ಬಲಗಣ್ಣು ಮುಚ್ಚಿದರೆ ಹೋಗುತ್ತದೆ. ಒಂದೇ ಚೀಟಿ, ಎರಡು ಮುದ್ರಣ. ಆಪರೇಷನ್ನಿನ ಹಿಂದಿನ ದಿನ ಕಿಟಕಿಯ ಬಳಿ ಕೂತು ಹೀಗೆ ನೋಡುತ್ತಿದ್ದಾಗ ಗಂಡ ಬಾಗಿಲಲ್ಲಿ ನಿಂತು, "ಈ ವಯಸ್ಸಲ್ಲಿ ಯಾರಿಗೆ ಕಣ್ಣು ಹೊಡೀತಿದ್ದೀಯ?" ಎಂದರು.

"ಹಕ್ಕಿಗೆ," ಎಂದೆ.

ಕೊನೆಗೊಮ್ಮೆ ಬಲಗಣ್ಣು ಮುಚ್ಚಿ ಆಕಾಶವಿಲ್ಲದ ಮಿಂಚುಳ್ಳಿಯನ್ನು ಸಾವಕಾಶವಾಗಿ ನೋಡಿದೆ. ಪ್ರಪಂಚದಲ್ಲಿ ಅದು ಒಂದೇ ಇತ್ತು, ನೋಡಿದವಳೂ ನಾನೊಬ್ಬಳೇ. ಆಮೇಲೆ ಅದನ್ನು ಉಳಿದ ಮಿಂಚುಳ್ಳಿಗಳ ಸಾಲಿನಲ್ಲೇ ಇಟ್ಟೆ.

ಅಷ್ಟರಲ್ಲಿ ಅಣ್ಣ ಬಂದರು. ನನ್ನ ಹೊಸ ಕಣ್ಣಿಗೆ ತಮ್ಮ ತಾವರೆಯನ್ನು ತೋರಿಸುವ ಆಸೆ ಅವರಿಗೆ. ಚಿಮುಟದಲ್ಲಿ ಹಿಡಿದು ಬೆಳಕಿಗೊಡ್ಡಿದರು, "ಈಗ ನೋಡು, ಕೆನೆ ಹೇಗೆ ಕಾಣ್ತದೆ" ಎಂದರು. ನಾನು ಎಡಗಣ್ಣು ಮುಚ್ಚಿ ನೋಡಿದೆ. ಕಾಗದ ಬೆಳ್ಳಗಿತ್ತು. ತೊಳೆದಿಟ್ಟ ತಟ್ಟೆಯಷ್ಟು ಬೆಳ್ಳಗಿತ್ತು. ಅವರು ಅದನ್ನು ಕಿಟಕಿಯ ಕಡೆ ವಾಲಿಸಿ ವಾಲಿಸಿ ನೋಡುತ್ತಿದ್ದ ರೀತಿಯನ್ನು ಆಗ ಗಮನಿಸಿದೆ. ಆಷಾಢದಲ್ಲಿ ನಾನು ಬಾಗಿಲ ಬೆಳಕಿಗೆ ಓಡಿದ್ದೂ ಹೀಗೆಯೇ.

ನನ್ನ ನಾಲಗೆಗೆ ಎಂದೂ ಬಾರದ ನಿಧಾನ ಅವತ್ತು ಬಂತು.

"ಅಣ್ಣಾ, ನಾಳೆ ಮಡಿಕೇರಿಗೆ ಹೋಗ್ತಿದ್ದೀವಿ. ನೀವೂ ಬನ್ನಿ."

"ನಾನೆಂಥಕ್ಕೆ?" ಎಂದು ಕೇಳಿ ನನ್ನ ಮುಖ ನೋಡಿದರು. ತಾವರೆ ನೋಡಿದರು. ಮತ್ತೆ ನನ್ನ ಮುಖ ನೋಡಿದರು. ತಾವರೆಯನ್ನು ಮೆಲ್ಲಗೆ ತಮ್ಮ ಆಲ್ಬಮ್ಮಿಗೆ ಸೇರಿಸಿಕೊಂಡರು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಮಗಿಂತ ಮೊದಲೇ ಬಂದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಆಲ್ಬಂ ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದರು.

ಆಸ್ಪತ್ರೆಯಲ್ಲಿ ಪರೀಕ್ಷೆಗೆ ಅವರನ್ನು ಕರೆದಾಗ ಏಳಲೇ ಇಲ್ಲ. ನನ್ನ ಕಡೆ ಬಾಗಿ, ಬೇರೆಯವರಿಗೆ ಕೇಳದಂತೆ, "ಪೊರೆ ತೆಗೆಯುವಾಗ ನೋವು ಉಂಟಾ ತಂಗಿ?" ಎಂದರು.

"ನೋವೇನಿಲ್ಲ ಅಣ್ಣಾ," ಎಂದೆ. "ನಿಮ್ಮ ಕೆನೆ ಕಾಗದ ಹೋಗುತ್ತೆ, ಅಷ್ಟೇ."

ಅವರು ಆಲ್ಬಂ ತೆರೆದು ತಾವರೆಯನ್ನು ಇನ್ನೊಮ್ಮೆ ನೋಡಿ ಮುಚ್ಚಿದರು. ಆಮೇಲೆ ಅದನ್ನು ನನ್ನ ಮಡಿಲಲ್ಲಿಟ್ಟು ಒಳಗೆ ಹೋದರು.